ಕೈ ಅಳತಿ

ಕೀಲಿ, ಕೀಲಿಕೈ ಅಂತ ಸುರು ಮಾಡಿದ್ರು ಡಾಕ್ಟರಮ್ಮ.
ನನಗ ತಿಳೀಲಿಲ್ಲ. ನಾ ಶಹಾಬಾದದಾಗ ಬಟ್ಟಿ ಹೊಲಿಯಾಕಿ,
ಗುಂಡಿ, ಕಾಜ ಅನ್ರಿ, ತಿಳೀತದ, ಅಂದೆ.

ಕಲಬುರಗಿ ದವಾಖಾನಿ, ಮಟಮಟ ಮಧ್ಯಾಹ್ನ, ಕರೆಂಟಿಲ್ಲ.
ರಿಪೋರ್ಟಿನ ಬೆನ್ನಿಗೆ ಒಂದು ಜೀವಕೋಶ ಬರದ್ರು,
ಅದರ ತೊಗಲಿನ ಮ್ಯಾಲ ತೊಗರಿ ಮೊಳಕಿಯಂಗ ಕೈಗಳು.
ಅರ್ಧ ಹೊರಗ, ಅರ್ಧ ಒಳಗ,
ಟೊಂಕ ತೊಗಲಿನಾಗ ಹೊಲಿದಂಗ.
ಇವಕ್ಕ ಗ್ರಾಹಕ ಅಂತೀವಿ.
ಹೌದ್ರಿ, ಗಿರಾಕಿ ಅಂದ್ರ ನನಗ ಗೊತ್ತು.

ಬೆಳೆಸೋ ಹಾರ್ಮೋನು ರಕ್ತದಾಗ ತೇಲಿ ಬರ್ತದ.
ಒಂದನ್ನ ಎರಡು ಕೈ ಕೂಡಿ ಹಿಡೀಬೇಕು,
ಆಚೀಂದೊಂದು, ಈಚೀಂದೊಂದು,
ಬೊಗಸಿಯಾಗ ನೀರು ಹಿಡಿದಂಗ.
ಹಿಡಿದ್ರ ಒಳಗಿನ ಕಾಲು ಒಂದಕ್ಕೊಂದು ತಾಕ್ತಾವ,
ತಾಕಿದ್ರ ಸುದ್ದಿ ಓಡ್ತದ ಕೋಶದ ನಡುಮನಿತನಕ:
ಎಲುಬೇ, ಉದ್ದಾಗು.

ನಮ್ಮ ಕಲಾವತಿಗೆ ಹನ್ನೊಂದು.
ನಾಕು ವರ್ಷದ ಪೋರಿ ಲಂಗ ಸರೀ ಆಗ್ತದ.
ಹಾರ್ಮೋನು ಕಡಿಮಿ ಅಂತ ಯಾರೋ ಆರು ತಿಂಗಳು ಸೂಜಿ ಚುಚ್ಚಿದ್ರು,
ನನ್ನ ಬೆಂಡೋಲಿ ಒತ್ತಿ ಬಿದ್ವು.
ಈಗ ನೋಡಿದ್ರ ರಕ್ತ ತುಂಬ ಅದೇ ಅದಂತ,
ಉಕ್ಕಿ ಹರೀಲಿಕತ್ತದಂತ.
ಗುಂಡಿ ಸುರುವ್ಯಾರ, ಕಾಜ ಕತ್ತರಿಸಿಲ್ಲ.

ಯಾಕ?
ಹೈದರಾಬಾದಿಂದ ಬಂದ ಹಾಳಿ ತಿರುವಿದ್ರು.
ಐದನೇ ವರ್ಣತಂತುವಿನ ಮ್ಯಾಲ ಈ ಕೈ ಹೊಲಿಯೋ ಲೆಕ್ಕ ಬರೆದದ,
ಸಾವಿರಾರು ಅಕ್ಷರ. ಅದರಾಗ ಒಂದು ತಪ್ಪ್ಯಾದ.
ಒಂದ?
ಒಂದೇ. ಕೈ ಅಂತ ಬರಿಯೂಮುಂದ ಐತ್ವ ಮರೆತ್ರ
ಏನು ಉಳೀತದ?
ಕ.
ಅಷ್ಟೇ.

ಒಬ್ಬರ ಕಡಿಂದ ಬಂದ್ರ ನಡೀತದ, ಇನ್ನೊಂದು ಪ್ರತಿ ಸಂಭಾಳಿಸ್ತದ.
ನನ್ನ ಬಲ್ಲಿ ಒಂದು ಅದ, ನನ್ನ ಗಂಡನ ಬಲ್ಲಿ ಒಂದು.
ಅವರು ನಮ್ಮವ್ವನ ತಮ್ಮ.
ಗೀಟು ಎಳಕೊಂತ ಡಾಕ್ಟರಮ್ಮ ಮ್ಯಾಲ ಹೋದ್ರು,
ಎರಡೂ ಗೀಟು ಒಂದೇ ಮನಿಗಿ ಮುಟ್ಟಿದ್ವು.
ಅಜ್ಜಂದೋ, ಚಂದಮ್ಮಜ್ಜಿದೋ, ಇಬ್ರೂ ಮಣ್ಣಾಗ.
ಚಂದಮ್ಮ ನನಗ ಅಜ್ಜಿ, ನನಗೇ ಅತ್ತಿ.
ಹೊರಗ ಕೊಟ್ರ ಬಂಗಾರ ಹೊರಗ ಹೋಗ್ತದ ಅಂತಿದ್ಳು.
ಬಂಗಾರದ ಜೋಡಿ ಇದೂ ಮನ್ಯಾಗೇ ಉಳೀತು.
ಸಿಟ್ಟು ಬರಲಿಲ್ಲ. ಸಹಿ ಮಾಡಲಿಕ್ಕೆ ಬರದಾಕಿ,
ಮೈಯಾಗ ಬರೆದದ್ದು ಹ್ಯಾಂಗ ಓದ್ಯಾಳು.

ಔಷಧ ಬ್ಯಾರೇದು ಅದ. ತುಟ್ಟಿ. ಅರ್ಜಿ ಬರೀತೀನಿ, ಅಂದ್ರು.

ಮನಿಗಿ ಬಂದು ಪೋರಿ ನನ್ನ ಬಳಪ ತಗೊಂಡು
ಪರಸಿ ಮ್ಯಾಲ ಆ ಚಿತ್ರ ಮತ್ತೊಮ್ಮಿ ಬರದ್ಳು,
ಕೈಗಳಿಗಿ ಬಳಿನೂ ಇಟ್ಟಳು.
ಆಮ್ಯಾಲ ಅಳತಿ ಬುಕ್ಕು ತಗದು ಬೈದ್ಳು:
ಎವ್ವಾ, ಎಲ್ಲಾ ಕಡಿ ಕ ಅಂತ ಬರ್ದೀದಿ.
ಕ ಹದಿನೆಂಟು, ಕ ಇಪ್ಪತ್ತು. ಏನಿದು ಕ?
ಕೂತು ಗಿರಾಕಿಗಳ ತೋಳಿಗೆಲ್ಲಾ ಐತ್ವ ಹಚ್ಚಿದ್ಳು.

ನಿಲ್ಲು ಅಂದೆ. ಟೇಪು ಹಿಡದೆ,
ಭುಜದಿಂದ ಮಣಿಕಟ್ಟಿನತನಕ.
ಹ್ವಾದ ದಸರಾಕ್ಕ ಹದಿಮೂರು.
ಈಗ ಹದಿಮೂರೂ ಕಾಲು.
ಆ ಕಾಲಿಂಚು ಯಾವ ಕೈ ಹಿಡಿದು ತಂದದ
ಚಿತ್ರದಾಗ ಇಲ್ಲ.
ಬರ್ಕೊಂಡೆ.