ಮೊಳೆಯ ಲೆಕ್ಕ

ಬೋಳಾರದ ಮನೆ ಬಿಡುವ ದಿನ
ಸೆವ್ರಿನ್ ಬಾಯಿ ಕನ್ನಡಕ ಮೂಗಿನ ತುದಿಗಿಳಿಸಿ
ಗೋಡೆ ಗೋಡೆ ಸವರಿ ನೋಡಿದರು.
‘ಹನ್ನೊಂದು ಮೊಳೆ. ನೀನು ಬರುವಾಗ ಏಳಿತ್ತು ಜಲಜಾಕ್ಷಿ.’

ನಾನು ಮೊಬೈಲು ತೆರೆದೆ.
ಹಾಲು ಉಕ್ಕಿಸುವ ಮೊದಲೇ ತೆಗೆದಿಟ್ಟ ಪಟಗಳು:
ಸಿಂಕಿನಡಿಯ ಕಂದು ಕಲೆ, ಬಚ್ಚಲಿನ ಒಡಕು ಟೈಲು,
ಕ್ಯಾಲೆಂಡರಿನ ಮೊಳೆ, ಶಿಲುಬೆ ಇಳಿಸಿಕೊಂಡ ಮೊಳೆ,
ಹಿಗ್ಗಿಸಿ ಹಿಗ್ಗಿಸಿ ಎಣಿಸಿದೆವು, ಒಂಬತ್ತು.
‘ಎರಡು ನನ್ನದು ಬಾಯಮ್ಮ, ಒಪ್ಪಿದೆ.
ಒಂದು ಗಡಿಯಾರಕ್ಕೆ.
ಇನ್ನೊಂದು ಎಂತಕ್ಕೆಂದು ನೆನಪಿಲ್ಲ.’

ಕಾಗದದಲ್ಲಿದ್ದದ್ದು ಮೊದಲ ಹನ್ನೊಂದು ತಿಂಗಳು ಮಾತ್ರ.
ಆಮೇಲಿನ ಎರಡು ವರ್ಷ ಬಾಯಿಮಾತು,
ಅಂದರೆ ಬಾಯಿಯ ಮಾತು.
ನನಗಿಂತ ಮೊದಲಿದ್ದವನು
ಮೂರು ತಿಂಗಳ ಕರೆಂಟು ಬಿಲ್ಲು ಬಿಟ್ಟು
ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ್ದನಂತೆ.
ಮುಖ ನೋಡದ ಆ ಪುಣ್ಯಾತ್ಮನ ಸಾಲಕ್ಕೆ
ನನ್ನ ಕರಾರಿನ ಆರನೇ ಕಲಮಿನಲ್ಲಿ
ನಾನು ಸಹಿ ಹಾಕಿದ್ದೆ.

‘ಅಡ್ವಾನ್ಸು?’ ಎಂದೆ.
ಅರವತ್ತು ಸಾವಿರ.
ಸೊಸೈಟಿಯಲ್ಲೋ, ಕಪಾಟಿನ ಸೀರೆ ಮಡಿಕೆಯಲ್ಲೋ
ನನ್ನ ಹೆಸರು ಹೊದ್ದು ಮಲಗಿದೆ ಎಂದೇ ತಿಳಿದಿದ್ದೆ.
‘ಅದು ಹೋದ ಬೇಸಿಗೆಗೇ ಮುಗಿಯಿತು ಮಗಾ.
ಹಂಚು ಇಳಿಸಿ ಶೀಟು ಹಾಕಿಸಿದ್ದು ಮತ್ತೆ ಯಾವುದರಲ್ಲಿ?’

ತಲೆ ಎತ್ತಿ ನೋಡಿದೆ.
ಒಂದು ಇಡೀ ಮಳೆಗಾಲ
ನನ್ನ ದುಡ್ಡಿನಡಿಯೇ ನಾನು ಮಲಗಿದ್ದೆ,
ತಿಂಗಳಿಗೆ ಆರೂವರೆ ಸಾವಿರ ಬಾಡಿಗೆ ಕೊಟ್ಟು.

ಐದು ಗಂಟೆಯೊಳಗೆ ನನಗೂ
ಕಂಕನಾಡಿಯಲ್ಲಿ ಒಬ್ಬರಿಗೆ ಎಣಿಸಿ ಕೊಡಲಿಕ್ಕುಂಟು.
ಅವರು ಅದನ್ನು ಇನ್ಯಾರಿಗೆ ಕೊಡಲಿಕ್ಕುಂಟೋ.
ಸಿಟ್ಟು ಬಂತು. ಕೂರಲು ಕುರ್ಚಿಯಿರಲಿಲ್ಲ,
ಟೆಂಪೋ ಹತ್ತಿ ಆಗಿತ್ತು. ನಿಂತೇ ಇದ್ದೆ.

ಗೇಟು ಕಿರ್ರೆಂದಿತು.
ಗದಗದ ಕಡೆಯ ಹುಡುಗಿ, ನೀಲಗಂಗಾ,
ಆಸ್ಪತ್ರೆಯ ಲ್ಯಾಬಿನಲ್ಲಿ ಹೊಸ ಕೆಲಸ.
ಎಂಬತ್ತು ಸಾವಿರ ತಂದಿದ್ದಳು,
ಊರಿನ ಬ್ಯಾಂಕಿನ ರಬ್ಬರು ಬ್ಯಾಂಡು ಬಿಚ್ಚದೆ.
ಬಾಯಿ ಬೆರಳು ಒದ್ದೆ ಮಾಡಿ ಎಣಿಸಿದರು,
ಪೇಂಟಿಂಗಿಗೆ ತಿಂಗಳ ಬಾಡಿಗೆ ಹಿಡಿದರು,
ಮೊಳೆಗೆ ನೂರು.
‘ಎರಡಕ್ಕೆ ನೂರಾ?’
‘ಒಂದಕ್ಕೆ ಐವತ್ತು.’
ನೆನಪಿಲ್ಲದ್ದಕ್ಕೂ ಐವತ್ತು.

ಐವತ್ತಮೂರು ಸಾವಿರದ ನಾನೂರು
ನನ್ನ ಚೀಲಕ್ಕೆ ಬಂತು,
ಇನ್ನೂ ಆ ಹುಡುಗಿಯ ಕೈಯ ಬಿಸಿ ಆರಿರಲಿಲ್ಲ.

ಚಪ್ಪಲಿ ಮೆಟ್ಟಿದವಳು ತಿರುಗಿ ಹೇಳಿದೆ:
‘ಮೊಬೈಲು ತೆಗಿ. ಸಿಂಕಿನಡಿ ಬಗ್ಗಿ ನೋಡು.
ಹನ್ನೊಂದು ಮೊಳೆ, ಬರೆದಿಟ್ಟುಕೋ.’
ಬಾಯಿ ಕೇಳಿಸಿಕೊಂಡರು.
ಏನೂ ಅನ್ನಲಿಲ್ಲ.
ಹುಡುಗಿ ಬಗ್ಗಿದಾಗ
ಪಟ ಸರಿ ಬರಲೆಂದು
ಅವರೇ ಹೋಗಿ ಲೈಟು ಹಾಕಿದರು.