ಹೆಬ್ಬೆಟ್ಟು

ಪ್ರಶ್ನೆಗಳಿಗೆ ದನಿ ಕೊಟ್ಟವಳು ನಾನೇ.
ಮೊಖೊಟ್ಲಾಂಗಿನ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ
ಬೆಟ್ಟದ ಗಾಳಿ ಸೇರಿಕೊಳ್ಳದಂತೆ ಕಿಟಕಿಗೆ ಕಂಬಳಿ ಕಟ್ಟಿ
ಮೂವತ್ತೆರಡು ಪ್ರಶ್ನೆ, ಸೆಸೊಥೊದಲ್ಲಿ,
ನಿಧಾನ, ಇನ್ನೂ ನಿಧಾನ ಎನ್ನುತ್ತ ಓದಿಸಿದರು.
‘ಒಂದು ಮಹಡಿ ಮೆಟ್ಟಿಲು ಹತ್ತಬಲ್ಲಿರಾ?’
ಮಹಡಿ ಎಲ್ಲಿದೆ ಇಲ್ಲಿ ಎಂದು ನಾನು ನಕ್ಕಿದ್ದಕ್ಕೆ
‘ಕುರಿದೊಡ್ಡಿಯ ದಿಬ್ಬ’ ಎಂದು ತಿದ್ದಿಕೊಂಡರು.

ಇವತ್ತು ತ್ಸಿಯೆತ್ಸಿ ಅಜ್ಜ ಬಂದಿದ್ದಾರೆ.
ಗಡಿಯಾಚೆ ಇಪ್ಪತ್ತಾರು ವರ್ಷ ಚಿನ್ನದ ಗಣಿ ಕೊರೆದು
ದೂಳನ್ನಷ್ಟೇ ಎದೆಯಲ್ಲಿ ಕಟ್ಟಿಕೊಂಡು ಮನೆಗೆ ಬಂದವರು.
ಪ್ರತಿ ಸಲ ಮೊಮ್ಮಗನೇ ಓದುತ್ತಿದ್ದ, ಅವನೇ ಬರೆಯುತ್ತಿದ್ದ,
ಹಾಳೆಯ ತಳದಲ್ಲಿ ಅಜ್ಜನದೊಂದು ನೀಲಿ ಹೆಬ್ಬೆಟ್ಟು.
ನಿದ್ದೆ? ಬರುತ್ತೆ. ಉಸಿರು? ಪರವಾಗಿಲ್ಲ.
ಬೇಸರ? ‘ಅಜ್ಜನಿಗೆಂಥ ಬೇಸರ!’
ಅಲ್ಲಿಗೊಂದು ಗೀಟು.

ಇವತ್ತು ಮೊಮ್ಮಗ ಹೊರಗೆ, ಕುದುರೆಯ ಹತ್ತಿರ.
ಅಜ್ಜನ ಟೋಪಿ ತೆಗೆಸಿ ಹೆಡ್‌ಫೋನ್ ಇಟ್ಟೆ,
ತೊಡೆಯ ಮೇಲೆ ಟ್ಯಾಬ್ಲೆಟ್.
ನಗುವ ಮುಖದಿಂದ ಅಳುವ ಮುಖದವರೆಗೆ ಐದು.
‘ಒಂದಕ್ಕೂ ಕಿವಿಯಿಲ್ಲವಲ್ಲ,
ಕೇಳಿಸಿಕೊಳ್ಳೋದು ಹೇಗೆ ಇವು?’

ಮೊದಮೊದಲು ದನಿಗೇ ಗಟ್ಟಿಯಾಗಿ ಉತ್ತರ ಕೊಟ್ಟರು:
‘ದಿಬ್ಬ ಹತ್ತುತ್ತೇನೆ ಮಗಳೇ,
ನಾಯಿ ಮೂರು ಕಡೆ ನಿಂತು ಕಾಯುತ್ತೆ.’
ನಾಯಿಗೆ ಅಲ್ಲಿ ಗುಂಡಿ ಇರಲಿಲ್ಲ.
ಯೋಚಿಸಿ ನಾಲ್ಕನೆಯ ಮುಖ ಒತ್ತಿದರು.

ಎದುರಿಗೇ ಕೂತು ನಾನು ಬ್ಯಾಂಡೇಜು ಸುತ್ತುತ್ತಿದ್ದೆ.
ಇಪ್ಪತ್ತೊಂಬತ್ತನೆಯದಕ್ಕೆ ಅವರ ಮಾತು ನಿಂತಿತು.
ಕಿವಿಯ ಚಿತ್ರ ಒತ್ತಿದರು: ಇನ್ನೊಮ್ಮೆ ಹೇಳು.
ಇನ್ನೊಮ್ಮೆ.
ಇನ್ನೊಮ್ಮೆ.
ನನಗದು ಬಾಯಿಪಾಠ.
ಕಳೆದ ವಾರ, ಬದುಕಿದ್ದು ಸಾಕು ಅನ್ನಿಸಿತೇ?
ಅವತ್ತು ನನಗೆ ಶೀತ, ‘ಸಾಕು’ ಎನ್ನುವಲ್ಲಿ ದನಿ ಒಡೆದಿತ್ತು,
ಇರಲಿ ಬಿಡು ಎಂದಿದ್ದರು ಮುದ್ರಿಸುವವರು.
ಗಾಜಿಗೆ ತಾಕದೆ, ತಾಕದೆ ನಿಂತ ಹೆಬ್ಬೆರಳು.
ನಾನು ಬ್ಯಾಂಡೇಜಿನ ಎಳೆಗಳನ್ನೇ ನೋಡಿದೆ.

ಮುಗಿದ ಮೇಲೆ ಬೆರಳನ್ನು ಕಂಬಳಿಗೆ ಒರೆಸಿಕೊಂಡರು, ಅಭ್ಯಾಸಬಲ.
ಆಮೇಲೆ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದರು:
ಮಸಿಯೇ ಇಲ್ಲ.
‘ಒಳಗಿರೋ ಹುಡುಗಿ ಒಳ್ಳೆಯವಳು, ಅವಸರ ಮಾಡಲಿಲ್ಲ.
ಹುಡುಗನಿಗೆ ಹೇಳೋದಿಲ್ಲ ತಾನೆ ಅವಳು?’

‘ಡಾಕ್ಟರಿಗೆ ಮಾತ್ರ,’ ಎಂದೆ.

ಅಷ್ಟಕ್ಕೇ ಅಜ್ಜ ತಲೆಯೆತ್ತಿ
ಇವತ್ತಿಗೆ ಮೊದಲ ಸಲ
ನನ್ನ ಬಾಯನ್ನೇ ನೋಡಿದರು.