ನಾಲ್ಕು ಪಾಯಿಂಟ್ ಎರಡು

ಹಜರತಬಿ ಒಳಗೆ ಬಂದದ್ದೇ ತಡ, ನಾನು ಸೀನಿದೆ.
ಬಾಗಿಲಲ್ಲೇ ಸೆರಗು ಕೊಡವಿಕೊಂಡು ಬಂದಿದ್ದರು, ಪಾಪ.
ಆದರೂ ಮಾರ್ಚ್ ತಿಂಗಳ ಬ್ಯಾಡಗಿಯಲ್ಲಿ
ಧೂಳಿಗೂ ಖಾರ.

ಮುಬೀನಾ ನದಾಫ್, ಆರನೆಯ ತರಗತಿ.
ಓದು 4.2. ಗಣಿತ 7.8.
ಹಸಿರು ಹಾಳೆಯ ಮೇಲೆ ಅಂಕಿ ತೋರಿಸಿದೆ.
ಅವರು ಬೆರಳಿಟ್ಟು ನೋಡಿದರು; ಉಗುರಿನ ಸಂದಿಯೂ ಕೆಂಪು.

“ಹಂಗಾರ ನಾಕನೇತ್ತಕ್ಕ ಇಳಸ್ತೀರೇನ್ರಿ ನನ್ ಮಗಳನ್ನ?”

ಇಲ್ಲರೀ, ಎಂದೆ. ತರಬೇತಿಯ ಪಾಠ ನೆನಪಿಸಿಕೊಂಡೆ:
ನಾಲ್ಕನೆಯ ತರಗತಿಯ ಎರಡನೆಯ ತಿಂಗಳಲ್ಲಿ
ಜಾಣನೂ ಅಲ್ಲದ ದಡ್ಡನೂ ಅಲ್ಲದ ಒಂದು ಮಗು
ಇದೇ ಪ್ರಶ್ನೆಪತ್ರಿಕೆಗೆ ಕೂತಿದ್ದರೆ
ಇಷ್ಟೇ ಸರಿ ಬರೆಯುತ್ತಿತ್ತು ಎಂಬ ಅಂದಾಜು.
ಈಕೆ ಎಲ್ಲಿ ಕೂರಬೇಕೆಂಬ ಆಜ್ಞೆಯಲ್ಲ.

“ಲೆಕ್ಕ ಏಳರ ಮ್ಯಾಲೈತೆಲ್ಲ, ಎಂಟನೇತ್ತಕ್ಕ ಏರಸ್ರಿ ಮತ್ತ.”

ಅದೂ ಅಲ್ಲ. ಏಳರ ಲೆಕ್ಕ ಆಕೆ ಕಂಡೇ ಇಲ್ಲ.
ಆರರ ಲೆಕ್ಕವನ್ನೇ
ಏಳರವರ ಹಾಗೆ ಸರಸರ ಮಾಡಿದ್ದಾಳೆ.

ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಅಡ್ಡ ಬಂತು.
ಮೇಜಿನ ಮೇಲೆ ಸುತ್ತೋಲೆ:
ಪ್ರತಿಯೊಂದು ಮಗುವನ್ನೂ ತರಗತಿ ಮಟ್ಟಕ್ಕೆ ತರತಕ್ಕದ್ದು.
ಮಟ್ಟವೆಂದರೆ ನಡು. ಅಳೆದ ದಿನ
ಅರ್ಧ ಮಕ್ಕಳು ಅದರ ಕೆಳಗೇ ನಿಂತಿದ್ದರಲ್ಲ,
ಇಲ್ಲವಾದರೆ ಅದು ಯಾವುದರ ನಡು?
ಕೇಳೋಣವೆಂದು ಕಚೇರಿಗೆ ಮೂರು ಸಲ ಫೋನು ಹಚ್ಚಿದೆ.
ಮೂರು ಸಲವೂ ಸಾಹೇಬರು ಊಟಕ್ಕೆ ಹೋಗಿದ್ದರು.

ಹಜರತಬಿ ಹಾಳೆ ಮಡಚಿದರು.
“ಮಾರ್ಕೆಟ್‌ನ್ಯಾಗೂ ಹಂಗ ಬಿಡ್ರಿ.
ಚೀಲದ ಬಾಯಾಗ ಕೈಹಾಕಿ ಒಂದ್ ಹಿಡಿ ತಗೀತಾರ,
ಮುರೀತಾರ, ಮೂಸ್ತಾರ, ಚೀಟ್ಯಾಗ ರೇಟ್ ಬರೀತಾರ.
ತಳದಾಗಿನ ಕಾಯಿ ತಳದಾಗ ಇರತೈತಿ.”
ಏಳಲು ಹೋದವರು ತಡೆದು,
“ಪರೀಕ್ಷೆ ಯಾವತ್ತಿತ್ರಿ?”

ಮಂಗಳವಾರ.

“ಸೋಮವಾರ ಪ್ಯಾಟಿ,” ಎಂದರು. “ರಾತ್ರಿ ಹನ್ನೊಂದರ ಮಟಾ
ತೊಟ್ಟು ಬಿಡಸಾಕ ಆಕಿನೂ ಕುಂತಿದ್ಲು.”

ಕಪಾಟು ತೆಗೆದು ಉತ್ತರದ ಹಾಳೆ ಹುಡುಕಿದೆ.
ಬೆಳಿಗ್ಗೆ ಗಣಿತ: ಪೂರ್ತಿ.
ಮಧ್ಯಾಹ್ನ ಓದು: ಹತ್ತೊಂಬತ್ತರವರೆಗೆ ಒಂದೂ ತಪ್ಪಿಲ್ಲ,
ಆಮೇಲೆ ಖಾಲಿ.
ಖಾಲಿ ಜಾಗದ ಅಂಚಿಗೆ
ಒದ್ದೆಯಾಗಿ ಒಣಗಿದ ಹೆಬ್ಬೆರಳಿನ ಗುರುತು, ತಿಳಿಗೆಂಪು.

ಷರಾ ಕಾಲಂನಲ್ಲಿ ಎರಡು ಸಾಲಿನ ಜಾಗ.
ಏನು ಬರೆಯಲಿ ಎಂದು ಯೋಚಿಸುತ್ತ
ಕಣ್ಣಿನ ಹತ್ತಿರ ಒಯ್ದಿದ್ದೆ ಕೈ.

“ಅಯ್ಯ, ಮುಟ್ಟಬ್ಯಾಡ್ರಿ,” ಎಂದರು ಹಜರತಬಿ,
“ಮೊದಲ ಕೈ ತೊಳಕೊಳ್ರಿ.”